ಸಣ್ಣದೊಂದು ಕನ್ಸರ್ನ್

ಆಸ್ಪತ್ರೆಯವರು ಟೀಚರನ್ನು ಕರೆಸಿಕೊಂಡದ್ದೇ ನರ್ಸುಗಳ ಬಾಯಿ ತಿದ್ದುವುದಕ್ಕೆ.

“ನಮ್ಮ ಸಿಸ್ಟರುಗಳ ಕೆಲಸಕ್ಕೆ ಯಾರೂ ಬೊಟ್ಟು ಮಾಡೋ ಹಾಗಿಲ್ಲ ಮೇಡಂ,” ಎಂದು ಆಡಳಿತಾಧಿಕಾರಿ ಮೊದಲ ದಿನವೇ ಹೇಳಿದ್ದರು. “ಆದ್ರೆ ಇಂಗ್ಲಿಷಲ್ಲಿ ಬಾಯಿ ತೆಗೆದ್ರೆ ಕಲ್ಲು ಬೀಸಿದ ಹಾಗಿರುತ್ತೆ. ನೋ ಡಾಕ್ಟರ್, ರಾಂಗ್ ಡಾಕ್ಟರ್. ಹೊರದೇಶದಿಂದ ಬಂದಿರೋ ಡಾಕ್ಟರುಗಳಿಗೆ ಅದು ಕಪಾಳಕ್ಕೆ ಬಾರಿಸಿದ ಹಾಗಾಗುತ್ತಂತೆ. ನೀವು ಸ್ವಲ್ಪ ನಯ ಮಾಡಿ ಕೊಡಿ.”

ಈ ಅಧಿಕಾರಿಗೆ ವಾರ್ಡುಗಳಲ್ಲಿ ನಗುಮುಖ ಎಂದೇ ಹೆಸರು. ರಜೆ ಕೊಡುವಾಗಲೂ ನಗು, ಕೊಡದಿರುವಾಗಲೂ ನಗು, ಯಾರನ್ನಾದರೂ ಕೆಲಸದಿಂದ ತೆಗೆಯುವಾಗಲಂತೂ ಆ ನಗು ಇನ್ನಷ್ಟು ಮೃದುವಾಗುತ್ತಿತ್ತಂತೆ. ಟೀಚರಿಗೆ ಮಾತ್ರ ಅವರು ಸಭ್ಯರಾಗಿಯೇ ಕಂಡರು. ಶಾಲೆಯಲ್ಲಿ ವರ್ಷಗಟ್ಟಲೆ ಅದದೇ ವ್ಯಾಕರಣ ಅರೆದು ಅವಳ ನಾಲಿಗೆ ಸವೆದಿತ್ತು. ಅಲ್ಲಿ ಅವಳಿಗೆ ಕುರ್ಚಿ ಎಳೆದು ಕೊಟ್ಟವರಿಲ್ಲ, ಚಹಾ ತರಿಸಿದವರಿಲ್ಲ. ಇಲ್ಲಿ ಎರಡೂ ಆಯಿತು. ಅವಳು ಒಪ್ಪಿಕೊಂಡಳು.

ತರಗತಿ ನಡೆಯುತ್ತಿದ್ದದ್ದು ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕದ ಕೋಣೆಯಲ್ಲಿ. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು ಗುಡುಗುಡು ಅನ್ನುತ್ತಿದ್ದವು. ಬಿಸಿ ಸೋಪಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತಿತ್ತು. ಪಾಳಿ ಮುಗಿಸಿ ಬಂದ ನರ್ಸುಗಳು ಬೆಂಚಿನ ಕೆಳಗೆ ಗುಟ್ಟಾಗಿ ಬೂಟು ಕಳಚಿ, ಊದಿಕೊಂಡ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡು ಕೂರುತ್ತಿದ್ದರು.

“ಇಂಗ್ಲಿಷಿನವರು ಜಗಳ ಆಡೋದೇ ಇಲ್ಲ ಅಂತಲ್ಲ,” ಎಂದು ಟೀಚರ್ ಶುರುಮಾಡುತ್ತಿದ್ದಳು. “ಆಡ್ತಾರೆ. ಆದ್ರೆ ಟೋಪಿ ತೆಗೆದು, ತಲೆ ಬಾಗಿಸಿ ಆಡ್ತಾರೆ. ‘ನೀವು ಹೇಳೋದು ಕೇಳಿಸ್ತು’ ಅಂದ್ರೆ ‘ನಾನು ಒಪ್ಪಲ್ಲ’ ಅಂತ ಅರ್ಥ. ‘ನಂಗೆ ಅಷ್ಟು ಖಾತ್ರಿ ಇಲ್ಲ’ ಅಂದ್ರೆ ‘ನೀನು ಹೇಳ್ತಿರೋದು ಶುದ್ಧ ತಪ್ಪು’ ಅಂತ. ಬಾಗಿಲು ಧಡ್ ಅಂತ ಹಾಕೋದು ಬೇರೆ, ಮೆಲ್ಲಗೆ ಹಾಕಿ ಚಿಲಕ ಇಡೋದು ಬೇರೆ. ಎರಡರಲ್ಲೂ ಬಾಗಿಲು ಮುಚ್ಚಿರುತ್ತೆ.”

ಈ ಪಾಠ ಅವಳಿಗೆ ಎಲ್ಲಕ್ಕಿಂತ ಪ್ರೀತಿಯದು. ಕಪ್ಪು ಹಲಗೆಯ ಮೇಲೆ ಅವಳು ಒಂದು ಏಣಿ ಬರೆದಳು. ಒಪ್ಪಿಗೆ ಇಲ್ಲ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಮಾತುಗಳನ್ನು ಅವುಗಳ ಬಿಸಿಗೆ ತಕ್ಕಂತೆ ಕೆಳಗಿನಿಂದ ಮೇಲಕ್ಕೆ ಜೋಡಿಸಿದಳು. ಕೆಳಗಿನ ಮೆಟ್ಟಿಲಿಗೆ ‘ಕ್ವೆರಿ’, ಅಂದರೆ ಬರೀ ವಿಚಾರಿಸುವುದು. ಅದರ ಮೇಲೆ ‘ಕನ್ಸರ್ನ್’, ಮನಸ್ಸಿನಲ್ಲಿ ಸ್ವಲ್ಪ ಕಸಿವಿಸಿ. ಆಮೇಲೆ ‘ರಿಸರ್ವೇಷನ್’.

“ಅದು ರೈಲಿಂದಲ್ವಾ ಮೇಡಂ?” ಎಂದಳು ಹೆರಿಗೆ ವಾರ್ಡಿನ ಒಬ್ಬ ದಪ್ಪನೆಯ ನರ್ಸು. ಎಲ್ಲರೂ ನಕ್ಕರು.

ರೈಲಿನದೂ ಹೌದು, ಮನಸ್ಸಿನದೂ ಹೌದು, ಒಪ್ಪಿಗೆಯನ್ನು ಪೂರ್ತಿ ಕೊಡದೆ ಒಂದು ಸೀಟು ಹಿಂದಿಟ್ಟುಕೊಳ್ಳುವುದು ಎಂದು ಟೀಚರ್ ವಿವರಿಸಿದಳು. ಮುಂದಿನ ಮೆಟ್ಟಿಲಿಗೆ ‘ಡಿಸ್‌ಅಗ್ರೀ’, ಅದರ ಮೇಲೆ ‘ಅಬ್ಜೆಕ್ಟ್’, ಇನ್ನೂ ಮೇಲೆ ‘ರೆಫ್ಯೂಸ್’, ತುತ್ತತುದಿಗೆ ‘ಸ್ಟಾಪ್’. ಡಿಸ್‌ಅಗ್ರೀ ಎಂದು ಮುಖಕ್ಕೆ ಹೇಳಲು ಸಂಕೋಚವಾದರೆ ‘ಐ ಬೆಗ್ ಟು ಡಿಫರ್’ ಅನ್ನಬಹುದು ಎಂದೂ ಸೇರಿಸಿದಳು.

“ಬೆಗ್ ಅಂದ್ರೆ ಭಿಕ್ಷೆ ಬೇಡೋದಲ್ವಾ ಅತ್ತಿಗೆ?” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. “ಒಪ್ಪಲ್ಲ ಅನ್ನೋಕೂ ಭಿಕ್ಷೆ ಬೇಡ್ಬೇಕಾ?”

ಅತ್ತಿಗೆ ಎಂದು ಬಾಯಿತಪ್ಪಿ ಕರೆದವಳು ಟೀಚರಿನ ಸ್ವಂತ ನಾದಿನಿ, ಗಂಡನ ತಂಗಿ. ಆಪರೇಷನ್ ಥಿಯೇಟರಿನ ನರ್ಸು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ತಕರಾರು ಎಂದು. ಹುಟ್ಟುವಾಗಲೇ ಕಾಲು ಮುಂದೆ ಮಾಡಿ ಬಂದು ತಕರಾರು ತೆಗೆದವಳು ಎಂದು ಅವಳಪ್ಪ ಇಟ್ಟ ಹೆಸರು; ಅಪ್ಪ ಹೋದ ಮೇಲೂ ಹೆಸರು ಉಳಿದುಕೊಂಡಿತ್ತು. ಉಪ್ಪು ಹೆಚ್ಚಾಯಿತು, ಪರದೆ ಓರೆಯಾಗಿದೆ, ಅಣ್ಣ ಪೇಪರ್ ಓದಿದರೆ ಹಾಳೆ ಹಿಂದುಮುಂದಾಗುತ್ತದೆ, ಹೀಗೆ ಎದ್ದಾಗಿನಿಂದ ಮಲಗುವವರೆಗೂ ಅವಳ ಬಾಯಿಗೆ ಬಿಡುವಿರಲಿಲ್ಲ. ಅತ್ತಿಗೆ ನಾದಿನಿಯರ ನಡುವೆ ದಿನಕ್ಕೊಂದು ಜಟಾಪಟಿ ಆಗದಿದ್ದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಎಂದೇ ಲೆಕ್ಕ.

ಆ ಹೊತ್ತಿಗೆ ನಗುಮುಖದವರು ತರಗತಿ ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದರು. ಕೈ ಹಿಂದೆ ಕಟ್ಟಿಕೊಂಡು ಹಲಗೆಯನ್ನು ಓದಿದರು.

“ಏಣಿ ಚೆನ್ನಾಗಿದೆ ಮೇಡಂ. ಆದ್ರೆ ಅಷ್ಟು ಎತ್ತರ ಹತ್ತಿ ನಮ್ಮ ಸಿಸ್ಟರುಗಳು ಏನು ಮಾಡ್ಬೇಕು?” ಎಂದು ಡಸ್ಟರ್ ತೆಗೆದುಕೊಂಡು ಮೇಲಿನ ಮೆಟ್ಟಿಲುಗಳನ್ನು ತಾವೇ ಒರೆಸಿದರು. ಸ್ಟಾಪ್ ಹೋಯಿತು, ರೆಫ್ಯೂಸ್ ಹೋಯಿತು, ಅಬ್ಜೆಕ್ಟ್ ಹೋಯಿತು. ಸ್ವಲ್ಪ ಯೋಚಿಸಿ ಡಿಸ್‌ಅಗ್ರೀಯನ್ನೂ ರಿಸರ್ವೇಷನ್ನನ್ನೂ ಒರೆಸಿದರು. “ಕನ್ಸರ್ನ್ ಸಾಕು. ಎಷ್ಟು ಮುದ್ದಾದ ಮಾತು ನೋಡಿ, ಅದರಲ್ಲಿ ಕಾಳಜಿಯೂ ಇದೆ.”

ತೋಳಿಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಹೊರಟರು. ಟೀಚರ್ ನಕ್ಕಳು. ಹೌದಲ್ಲ, ಇವರ ಕೆಲಸಕ್ಕೆ ಅಷ್ಟು ಸಾಕು ಎಂದು ಅವಳಿಗೂ ಆ ಕ್ಷಣ ಅನ್ನಿಸಿತ್ತು.

“ಮನೆಗೆ ಬೆಂಕಿ ಬಿದ್ರೂ ‘ಐ ಹ್ಯಾವ್ ಎ ಸ್ಮಾಲ್ ಕನ್ಸರ್ನ್’ ಅನ್ನೋದಾ?” ಎಂದಳು ತಕರಾರು.

“ಬೆಂಕಿ ಬಿದ್ದಾಗ ನೋಡೋಣ. ಈಗ ಹೇಳಿಕೊಟ್ಟಿದ್ದನ್ನ ಹೇಳು,” ಎಂದು ಟೀಚರ್ ಗದರಿದಳು.

ಹಟ ಹಿಡಿದು ಕಲಿಸಿದಳು. ಬೇರೆಯವರನ್ನು ಬಿಟ್ಟರೂ ನಾದಿನಿಯನ್ನು ಬಿಡಲಿಲ್ಲ. ನಮ್ಮ ಮನೆಯವಳೇ ಒರಟೊರಟಾಗಿ ಮಾತಾಡಿದರೆ ಜನ ಏನಂದಾರು? ರಾತ್ರಿ ಊಟಕ್ಕೆ ಕೂತಾಗಲೂ ಒಬ್ಬಳು ಡಾಕ್ಟರ್, ಒಬ್ಬಳು ನರ್ಸ್ ಆಗಿ ಅಭ್ಯಾಸ ಮಾಡಿದರು. ಕೆಲವು ತಿಂಗಳಿಗೆ ತಕರಾರಿನ ಇಂಗ್ಲಿಷ್ ಮಾತಿನ ಚೂಪು ಎಲ್ಲ ಸವೆದು ನುಣುಪಾಯಿತು. ಪರೀಕ್ಷೆಯಲ್ಲಿ ಅವಳೇ ಮೊದಲು. ನಗುಮುಖದವರು ಎಲ್ಲರೆದುರು ಚಪ್ಪಾಳೆ ತಟ್ಟಿದಾಗ ಟೀಚರಿಗೆ ತನಗೇ ತಟ್ಟಿದಷ್ಟು ಹೆಮ್ಮೆಯಾಯಿತು.

ಮರುವರ್ಷ ಆ ಆಸ್ಪತ್ರೆಗೆ ಹೊರದೇಶದಿಂದ ಒಬ್ಬ ದೊಡ್ಡ ಸರ್ಜನ್ನರನ್ನು ಕರೆತಂದರು. ಅವರಿಗೆ ಇಲ್ಲಿಯ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಕಲಿಯುವ ದರ್ದೂ ಇರಲಿಲ್ಲ. ಥಿಯೇಟರಿನಲ್ಲಿ ಅವರೆದುರು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದು ಎಂದು ಕಟ್ಟಪ್ಪಣೆಯಾಯಿತು.

ಒಂದು ಬೆಳಿಗ್ಗೆ ಅವರ ಟೇಬಲ್ಲಿಗೆ ಬಂದವನು ಒಬ್ಬ ಬಡಗಿ. ಎಡಗಡೆಯ ಮೂತ್ರಪಿಂಡದಲ್ಲಿ ಗಡ್ಡೆ ಬೆಳೆದಿತ್ತು, ಅದನ್ನು ತೆಗೆಯಬೇಕಾಗಿತ್ತು. ಹೊರಗಿನ ಹಾಲಿನಲ್ಲಿ ಸ್ಟ್ರೆಚರಿನ ಮೇಲೆ ಕಾಯುತ್ತಿದ್ದಾಗ ತಕರಾರು ಅವನನ್ನು ಮಾತಾಡಿಸಿದ್ದಳು. ಅವನು ಹಸಿರು ಗೌನಿನ ಮೇಲೆ ತನ್ನ ಎಡಪಕ್ಕೆಯನ್ನು ತಟ್ಟಿ, “ಇಲ್ಲಿ ಕಣಮ್ಮ. ಗೆದ್ದಲು ಹಿಡಿದ ಹಲಗೆ ಇದ್ದ ಹಾಗೆ, ಕಿತ್ತು ಬಿಸಾಕಿಬಿಡಿ,” ಎಂದು ನಕ್ಕಿದ್ದ.

ಅವಳು ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಅವನಿಗೆ ಅರಿವಳಿಕೆ ಕೊಟ್ಟಾಗಿತ್ತು. ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿದ್ದರು. ಕೊಯ್ಯುವುದಕ್ಕೆಂದು ಮೇಲೆ ಬರುವಂತೆ ಇಟ್ಟದ್ದು ಬಲಪಕ್ಕೆ.

ಮಧ್ಯಾಹ್ನ ಮನೆಗೆ ಬಂದವಳು ನೇರ ಅಡುಗೆಮನೆಗೆ ಹೋಗಿ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅತ್ತಿಗೆಯ ಎದುರು ಕೂತಳು. ಕೈಚೀಲ ಇನ್ನೂ ಭುಜದ ಮೇಲೇ ಇತ್ತು.

“ಅತ್ತಿಗೆ, ಇವತ್ತು ಏನೋ ಎಡವಟ್ಟಾಗಿದೆ,” ಎಂದಳು. “ಎಕ್ಸ್‌ರೇ ಫಿಲ್ಮನ್ನ ತಿರುಗಿಸಿ ಸಿಕ್ಕಿಸಿದ್ರು ಅನ್ಸುತ್ತೆ. ಆ ಮನುಷ್ಯ ಎಡಗಡೆ ಅಂದಿದ್ದ. ಇವರು ಬಲಗಡೆ ತೆಗೆದ್ರು.”

ಟೀಚರಿನ ಕೈ ನಿಂತಿತು. “ನೀನು ಹೇಳ್ಲಿಲ್ವಾ?”

“ಹೇಳಿದೆ. ‘ಡಾಕ್ಟರ್, ಐ ಹ್ಯಾವ್ ಎ ಸ್ಮಾಲ್ ಕನ್ಸರ್ನ್ ಅಬೌಟ್ ದ ಸೈಡ್’ ಅಂದೆ. ‘ನೋಟೆಡ್, ಸಿಸ್ಟರ್’ ಅಂದ್ರು. ಇನ್ನೊಂದು ಸಲ, ದಯವಿಟ್ಟು ಕೇಸ್‌ಶೀಟ್ ನೋಡಬಹುದೇನೋ ಅಂತ, ಪರ್‌ಹ್ಯಾಪ್ಸ್ ಎಲ್ಲ ಹಾಕಿ ಕೇಳಿದೆ. ‘ಥ್ಯಾಂಕ್ಯೂ ಸಿಸ್ಟರ್’ ಅಂದ್ರು. ಅಂದು ಕೈ ಚಾಚಿದ್ರು.”

“ಆಮೇಲೆ?”

“ಆಮೇಲೇನು. ಬ್ಲೇಡ್ ಕೊಟ್ಟೆ.”

ಟೀಚರ್ ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು. “ಅಷ್ಟು ದೊಡ್ಡ ಡಾಕ್ಟರು, ನೋಡದೆ ಮಾಡಿರ್ತಾರಾ? ನೀನೇ ತಪ್ಪು ತಿಳ್ಕೊಂಡಿರಬಹುದು,” ಎಂದಳು. ನಾದಿನಿ ಅವಳ ಮುಖವನ್ನೇ ನೋಡಿದಳು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದಳು. ಅವತ್ತು ಎದ್ದು ಹೋಗಿ ಬಹಳ ಹೊತ್ತು ಕೈ ತೊಳೆದಳು.

ವಾರ ಕಳೆಯುವುದರೊಳಗೆ ಲ್ಯಾಬಿನವರು ಹೇಳಿದರು: ತೆಗೆದ ಮೂತ್ರಪಿಂಡದಲ್ಲಿ ಗಡ್ಡೆಯೂ ಇಲ್ಲ, ಗುಡ್ಡೆಯೂ ಇಲ್ಲ, ಅದು ಗಟ್ಟಿಮುಟ್ಟಾಗಿತ್ತು. ಕೆಟ್ಟದ್ದು ಒಳಗೇ ಉಳಿದಿತ್ತು. ಅದನ್ನೂ ತೆಗೆಯಬೇಕಾಯಿತು. ಮೇಜು ಕುರ್ಚಿ ಮಾಡಿಕೊಂಡಿದ್ದ ಬಡಗಿ ಇನ್ನು ಬದುಕಿರುವಷ್ಟು ದಿನ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತ ತೊಳೆಸಿಕೊಳ್ಳಬೇಕಾದವನಾದ.

ಆಸ್ಪತ್ರೆಯಲ್ಲಿ ಗುಸುಗುಸು ಎದ್ದಿತು. ವಿಚಾರಣಾ ಸಮಿತಿ ಮಾಡಿದರು. ಮೊದಲು ಮಾಡಿದ ಕೆಲಸವೆಂದರೆ ತಕರಾರನ್ನು ಅಮಾನತಿನಲ್ಲಿಟ್ಟದ್ದು.

“ಸರ್ಜನ್ನು ಏನಂದಿದ್ದಾರೆ ಗೊತ್ತಾ?” ಎಂದು ಆ ಸಂಜೆ ಟೀಚರಿನ ಗಂಡ ಷರಟಿನ ಗುಂಡಿ ಬಿಚ್ಚುತ್ತಾ ಹೇಳಿದ. ಅವನು ಔಷಧಿ ಸಗಟು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆಸ್ಪತ್ರೆಯ ಸುದ್ದಿ ಅವನಿಗೆ ಬೇಗ ಮುಟ್ಟುತ್ತಿತ್ತು. “‘ಸಿಸ್ಟರ್ ಕನ್ಸರ್ನ್ ಅಂದ್ರು, ನಾನು ಗಮನಿಸಿದೆ. ಅವರು ಅಬ್ಜೆಕ್ಟ್ ಮಾಡಲಿಲ್ಲ. ಮಾಡಿದ್ದರೆ ಖಂಡಿತ ನಿಲ್ಲಿಸ್ತಿದ್ದೆ’ ಅಂತ. ಕನ್ಸರ್ನಿಗೂ ಅಬ್ಜೆಕ್ಷನ್ನಿಗೂ ಅಜಗಜಾಂತರ ಅಂತೆ. ಇದೆಲ್ಲಿಯ ನ್ಯಾಯನಪ್ಪಾ.”

ಮೂಲೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ ಅತ್ತೆ ಬಾಯಿ ತೆಗೆದರು. ಅವರಿಗೆ ಇಂಗ್ಲಿಷ್ ಬಾರದು. “ಅಲ್ಲಮ್ಮಾ,” ಎಂದು ಸೊಸೆಯನ್ನು ಮೆತ್ತಗೆ ಕೇಳಿದರು, “ಅವಳು ಹೇಳಿದ್ದು ನೀನು ಹೇಳ್ಕೊಟ್ಟಿದ್ದನ್ನೇ ಅಲ್ವಾ?”

ನಾದಿನಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಬಿಟ್ಟು ನಗುಮುಖದವರು ಟೀಚರನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಚಹಾ ಬಂತು, ಬಿಸ್ಕತ್ತೂ ಬಂತು.

“ನಿಮಗೆ ಕಷ್ಟದ ಪರಿಸ್ಥಿತಿ, ನಂಗೆ ಅರ್ಥ ಆಗುತ್ತೆ,” ಎಂದರು. “ಮನೆಯವಳು. ಆದ್ರೆ ಸಮಿತಿಯವರು ನಿಮ್ಮನ್ನ ನಾದಿನಿ ಬಗ್ಗೆ ಕೇಳೋದಿಲ್ಲ, ಭಾಷೆ ಬಗ್ಗೆ ಕೇಳ್ತಾರೆ. ಕನ್ಸರ್ನ್ ಅಂದ್ರೆ ಏನು, ಅಬ್ಜೆಕ್ಷನ್ ಅಂದ್ರೆ ಏನು. ಡಿಕ್ಷನರಿಯಲ್ಲಿ ಇರೋ ಅಷ್ಟೇ ಹೇಳಿ, ಸಾಕು. ಯಾರ ಪರವಾಗಿಯೂ ಬೇಡ, ವಿರೋಧವಾಗಿಯೂ ಬೇಡ.”

“ಆದ್ರೆ ಸರ್, ಮೇಲಿನ ಮಾತುಗಳನ್ನ ನೀವೇ...”

“ನಮ್ಮ ಬೇರೆ ಆಸ್ಪತ್ರೆಗಳಲ್ಲೂ ನಿಮ್ಮ ತರಗತಿ ಶುರು ಮಾಡೋಣ ಅಂತ ಮಾತಾಗ್ತಿದೆ. ಪೂರ್ಣಾವಧಿ ಕೆಲಸ. ಅದು ಬೇರೆ ವಿಷಯ ಬಿಡಿ. ಚಹಾ ಆರಿಹೋಗುತ್ತೆ, ತಗೊಳ್ಳಿ.”

ಟೀಚರ್ ಚಹಾ ಕುಡಿದಳು. ಹೊರಗೆ ಬಂದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕುಡಿಯಬೇಕಾಗಿರಲಿಲ್ಲ. ಬೇಡ ಅನ್ನಬಹುದಿತ್ತು. ಇಷ್ಟು ಸಣ್ಣದಕ್ಕೂ ಬಾಯಿ ಬರಲಿಲ್ಲವಲ್ಲ.

ಆ ರಾತ್ರಿ ಗಂಡನಿಗೆ, “ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ ರೀ. ಕೆಲಸ ಹೋದ್ರೂ ಹೋಗ್ಲಿ,” ಎಂದಳು. ಅವನು, “ಹೇಳು. ನಮ್ಮ ಹುಡುಗಿ,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ.

ವಿಚಾರಣೆಯ ಕೋಣೆ ಮೇಲಿನ ಮಹಡಿಯಲ್ಲಿತ್ತು. ಕಾಲು ಹೂತುಹೋಗುವಂಥ ಜಮಖಾನೆ, ಮುಖ ಕಾಣುವಷ್ಟು ಹೊಳಪಿನ ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ಮಧ್ಯದಲ್ಲಿ ಆಸ್ಪತ್ರೆಯ ವಕೀಲರು, ಅವರ ಒಂದು ಪಕ್ಕಕ್ಕೆ ನಗುಮುಖ. ಇನ್ನೊಂದು ಪಕ್ಕಕ್ಕೆ ನೋಡಿದ ಟೀಚರಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ: ಸರ್ಜನ್ನು ಅಲ್ಲೇ, ಪ್ರಶ್ನೆ ಕೇಳುವವರ ಸಾಲಿನಲ್ಲೇ ಕೂತಿದ್ದರು. ತಕರಾರಿಗೆ ಮೇಜಿನ ಬಳಿ ಜಾಗ ಇರಲಿಲ್ಲ. ಅವಳು ಬಾಗಿಲ ಪಕ್ಕ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಕೂತಿದ್ದಳು. ಸಮವಸ್ತ್ರ ಹಾಕಿಕೊಂಡು ಬರಬೇಕೆಂದು ಯಾರೂ ಹೇಳಿರಲಿಲ್ಲ.

ಸರ್ಜನ್ನರಿಗೆ ತಿಳಿಯಲೆಂದು ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು. ವಕೀಲರು ಕನ್ನಡಕ ಸರಿಮಾಡಿಕೊಂಡರು.

ನರ್ಸಿಗೆ ಇಂಗ್ಲಿಷ್ ಕಲಿಸಿದವರು ನೀವೇ ಅಲ್ಲವೇ? ಹೌದು. ಆಕೆ ಚೆನ್ನಾಗಿ ಕಲಿತಿದ್ದಳೇ? ತುಂಬ ಚೆನ್ನಾಗಿ. ಒಳ್ಳೆಯದು. ಹಾಗಾದರೆ ಕನ್ಸರ್ನ್ ಮತ್ತು ಅಬ್ಜೆಕ್ಷನ್, ಈ ಎರಡು ಮಾತಿಗೂ ಒಂದೇ ಅರ್ಥವೇ? ಹೌದು ಅಥವಾ ಇಲ್ಲ, ಇಷ್ಟೇ ಹೇಳಿ.

ಟೀಚರ್ ಬಾಯಿ ತೆಗೆದಳು. ಸುಳ್ಳು ಹೇಳಲು ಬರುವಂತಿರಲಿಲ್ಲ. ಅವಳೇ ಹಲಗೆಯ ಮೇಲೆ ಬೇರೆ ಬೇರೆ ಮೆಟ್ಟಿಲಲ್ಲಿ ಬರೆದ ಮಾತುಗಳವು.

“ಇಲ್ಲ,” ಎಂದಳು. “ಆದರೆ...”

“ಧನ್ಯವಾದ,” ಎಂದರು ವಕೀಲರು. ಕೊನೆಯಲ್ಲಿ ಕೂತಿದ್ದ ಹುಡುಗಿ ಟಪಟಪ ಟೈಪ್ ಮಾಡಿದಳು.

“ತಮ್ಮ ಮೇಲೆ ಪೂರ್ಣ ಗೌರವವಿಟ್ಟುಕೊಂಡೇ, ಅವಕಾಶ ಕೊಟ್ಟರೆ, ಒಂದು ವಿಷಯ ಸೇರಿಸಬಹುದೇ ಎಂದು...” ಎಂದು ಟೀಚರ್ ಶುರುಮಾಡಿದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅದೇ. ಎಷ್ಟೋ ವರ್ಷ ಉಜ್ಜಿ ಉಜ್ಜಿ ಹೊಳಪು ಕೊಟ್ಟ ಇಂಗ್ಲಿಷ್. ತಲೆ ಬಾಗಿಸದೆ ಅದಕ್ಕೆ ಬಾಗಿಲಿನಿಂದ ಒಳಗೆ ಬರಲೇ ಗೊತ್ತಿರಲಿಲ್ಲ. ಒಬ್ಬರೂ ತಲೆ ಎತ್ತಲಿಲ್ಲ. ಸರ್ಜನ್ನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ವಕೀಲರು ಆಗಲೇ ಮುಂದಿನ ಹಾಳೆ ತೆಗೆದಿದ್ದರು. ನಗುಮುಖದವರು ಮಾತ್ರ ಅವಳನ್ನೇ ನೋಡುತ್ತಾ, ಸಾಕು ಎಂಬಂತೆ ಮೆಲ್ಲಗೆ ತಲೆಯಾಡಿಸಿದರು.

ಆಗ ಟೀಚರಿನ ಬಾಯಿಂದ ತನ್ನ ಮನೆಮಾತು ಬಂತು.

“ಅವಳು ಬೇಡ ಅಂತಾನೇ ಹೇಳಿದ್ದು,” ಎಂದಳು. ದನಿ ಏರಲಿಲ್ಲ; ಆದರೆ ಟೈಪ್ ಮಾಡುವ ಹುಡುಗಿಯ ಕೈ ನಿಂತಿತು. “ಎರಡು ಸಲ ಹೇಳಿದ್ದು. ಬೇಡ ಅನ್ನೋಕೆ ಇದ್ದ ಮಾತುಗಳನ್ನೆಲ್ಲ ನೀವೇ ಕೈಯಾರೆ ಒರೆಸಿ ಹಾಕಿದ್ರಿ, ಸರ್. ನಾನು ಪಕ್ಕದಲ್ಲಿ ನಿಂತು ಹಲ್ಲು ಕಿರಿದೆ. ಉಳಿದ ಒಂದೇ ಒಂದು ಮಾತನ್ನ ಅವಳು ಉಪಯೋಗಿಸಿದ್ಲು. ಈಗ ಅದು ಸಾಲದು ಅಂತೀರಿ. ಆ ಬಡಗಿ ಪಕ್ಕೆ ಮುಟ್ಟಿ ತೋರಿಸಿದ್ದ. ಎಡ ಬಲ ತಿಳಿಯೋಕೆ ಯಾವ ಡಿಕ್ಷನರಿ ಬೇಕು? ತಪ್ಪು ಮಾಡಿದವರು ಮೇಜಿನ ಆಚೆ ಕೂತಿದ್ದಾರೆ, ಹೇಳಿದವಳು ಬಾಗಿಲ ಹತ್ರ ಕೂತಿದ್ದಾಳೆ. ಇದು ಅನ್ಯಾಯ. ನಾನು ಇದನ್ನ ಒಪ್ಪಲ್ಲ.”

ಇಷ್ಟು ಹೇಳಿ ಅವಳಿಗೆ ಎದೆ ಹಗುರಾಯಿತು. ತಿರುಗಿ ನಾದಿನಿಯನ್ನು ನೋಡಿದಳು. ತಕರಾರು ನೆಲ ನೋಡುತ್ತಿದ್ದಳು.

ಸರ್ಜನ್ನು ಒಂದೂ ಅರ್ಥವಾಗದೆ ನಗುಮುಖದವರ ಕಡೆ ಬಾಗಿ, ಈಕೆ ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

“ಓ,” ಎಂದರು ನಗುಮುಖ ಇಂಗ್ಲಿಷಿನಲ್ಲಿ, “ಇವರಿಗೂ ಕೆಲವು ಕನ್ಸರ್ನುಗಳಿವೆ.”

“ನೋಟೆಡ್,” ಎಂದರು ಸರ್ಜನ್ನು, ತುಂಬ ಸೌಜನ್ಯದಿಂದ. ಹುಡುಗಿ ಅದನ್ನು ಟೈಪ್ ಮಾಡಿದಳು.

ಟೀಚರ್ ಇಂಗ್ಲಿಷಿನಲ್ಲಿ ಅದನ್ನೇ ಮತ್ತೆ ಹೇಳಲು ನೋಡಿದಳು. ನಾಲಿಗೆ ತಡವರಿಸಿತು. ಅನ್ಯಾಯಕ್ಕೆ ಮಾತು ಸಿಕ್ಕಿತು, ಒಪ್ಪಲ್ಲ ಅನ್ನುವುದಕ್ಕೂ ಸಿಕ್ಕಿತು. ಆದರೆ ಅಷ್ಟರಲ್ಲಿ ವಕೀಲರು ಎದ್ದು ನಿಂತು ಬಾಗಿಲು ತೋರಿಸಿದ್ದರು, ಹೊರಗೆ ಬೇರೊಬ್ಬ ಸಾಕ್ಷಿ ಕಾಯುತ್ತಿದ್ದ.

ತೀರ್ಮಾನ ಬರಲು ತಡವಾಗಲಿಲ್ಲ. ಫಿಲ್ಮು ತಿರುಗಿಸಿ ಸಿಕ್ಕಿಸಿದ ಕಿರಿಯ ವೈದ್ಯನಿಗೆ ಎಚ್ಚರಿಕೆ. ಸಕಾಲದಲ್ಲಿ ಸ್ಪಷ್ಟವಾಗಿ ಆಕ್ಷೇಪ ಎತ್ತದ ಕಾರಣಕ್ಕೆ ನರ್ಸ್ ಕೆಲಸದಿಂದ ವಜಾ. ಸರ್ಜನ್ನರಿಗೆ ಸಂವಹನದ ಕೊರತೆಯಿಂದ ಆದ ತೊಂದರೆಗೆ ಆಡಳಿತ ಮಂಡಳಿಯ ವಿಷಾದ. ಟೀಚರಿನ ತರಗತಿ ಸದ್ಯಕ್ಕೆ ನಿಲ್ಲಿಸಲಾಗಿದೆ ಎಂದು ಅವಳಿಗೆ ಫೋನಿನಲ್ಲಿ ತಿಳಿಸಿದರು. ಮುಂದಿನ ತಿಂಗಳೇ ಆ ನೆಲಮಾಳಿಗೆಯ ಕೋಣೆಯಲ್ಲಿ ಬೇರೊಬ್ಬಳು ಪಾಠ ಶುರುಮಾಡಿದಳೆಂದು ಹೆರಿಗೆ ವಾರ್ಡಿನ ನರ್ಸು ದಾರಿಯಲ್ಲಿ ಸಿಕ್ಕಾಗ ಹೇಳಿದಳು.

ಇಷ್ಟಕ್ಕೇ ಬಿಡಬಾರದು ಎಂದು ಟೀಚರ್ ಬಡಗಿಯ ಮನೆ ಹುಡುಕಿಕೊಂಡು ಹೋದಳು. ಕೋರ್ಟಿಗೆ ಹೋಗಿ, ನಾನು ಬಂದು ಸಾಕ್ಷಿ ಹೇಳುತ್ತೇನೆ ಅನ್ನುವುದು ಅವಳ ಆಲೋಚನೆ. ಗರಗಸದ ಪುಡಿಯ ವಾಸನೆ ಇನ್ನೂ ಹೋಗಿರದ ಮುಂಗೋಣೆಯಲ್ಲಿ ಅರ್ಧ ಮಾಡಿಟ್ಟ ಕಪಾಟೊಂದು ಬಾಗಿಲಿಲ್ಲದೆ ನಿಂತಿತ್ತು. ಬಡಗಿ ಒಳಗೆ ಮಲಗಿದ್ದ. ಹೆಂಡತಿ ನಿಂತುಕೊಂಡೇ ಮಾತಾಡಿದಳು.

“ಬೇಡಮ್ಮ,” ಎಂದಳು, ಎಲ್ಲ ಕೇಳಿಸಿಕೊಂಡು. “ಇವರು ಇರೋವರೆಗೂ ಯಂತ್ರದ ಚಿಕಿತ್ಸೆ ಪುಕ್ಕಟೆ ಕೊಡ್ತೀವಿ ಅಂದಿದ್ದಾರೆ. ನಾವು ಚಕಾರ ಎತ್ತಿದ್ರೆ ಅದು ನಿಲ್ಲುತ್ತೆ. ನೀವು ಬಂದು ಏನೂ ಹೇಳೋದು ಬೇಡ.”

“ಆದ್ರೆ ಅವರು ನಿಮಗೆ ಮಾಡಿದ್ದು...”

“ನಂಗೊತ್ತು ಏನು ಮಾಡಿದ್ದಾರೆ ಅಂತ. ನೀವು ಹೊರಡಿ.”

ಟೀಚರ್ ಹೊರಟಳು. ಇಷ್ಟು ತಿಂಗಳಲ್ಲಿ ಇಷ್ಟು ಸ್ಪಷ್ಟವಾದ ‘ಬೇಡ’ವನ್ನು ಅವಳು ಕೇಳಿರಲಿಲ್ಲ. ಅದೂ ಬಂದದ್ದು ಅವಳಿಗೇ.

ಮನೆಯಲ್ಲಿ ನಾದಿನಿ ಬದಲಾಗಿದ್ದಳು. ಯಾವ ಆಸ್ಪತ್ರೆಗೆ ಅರ್ಜಿ ಹಾಕಿದರೂ ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಹೋಗಿರುತ್ತಿತ್ತು. ಕೊನೆಗೆ ಊರಾಚೆಯ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು: ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಮಾತ್ರೆ ನುಂಗಿಸುವುದು. ಅವಳಿಗೆ ಬೇಸರವಾಗಿದೆಯೋ ಇಲ್ಲವೋ ಹೇಳುವವರಿಲ್ಲ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತ ದಿನವೂ ತಟ್ಟೆ ಖಾಲಿ ಮಾಡಿ ಎದ್ದಳು. ಅತ್ತೆ ಅಡುಗೆಮನೆಗೆ ಬಂದು ಸೊಸೆಯ ಕಿವಿಯಲ್ಲಿ, “ಏನಾದ್ರೂ ಮಾಡಿ ಅವಳ ಜೊತೆ ಜಗಳ ತೆಗಿಯೇ,” ಎಂದರು.

ಟೀಚರ್ ಪ್ರಯತ್ನಪಟ್ಟಳು. ಅವಳ ಟವೆಲ್ ತೆಗೆದು ಬಳಸಿದಳು, ಪರದೆಯನ್ನು ಬೇಕೆಂದೇ ಓರೆ ಹಾಕಿದಳು. ಏನೂ ಆಗಲಿಲ್ಲ. ಒಂದು ಭಾನುವಾರ ಬಟ್ಟೆ ಮಡಿಸುತ್ತಿದ್ದವಳ ಎದುರು ಕೂತು ಕೇಳಿಯೇಬಿಟ್ಟಳು:

“ನನ್ನ ಮೇಲೆ ಕೋಪ ಇದ್ರೆ ಬಯ್ದುಬಿಡೇ. ನಾನೇ ನಿನ್ನ ಬಾಯಿ ಕಟ್ಟಿದ್ದು. ನನ್ನ ಇಂಗ್ಲಿಷಿಂದಾನೇ ನಿನಗೆ ಹೀಗಾಯ್ತು.”

ನಾದಿನಿ ಒಂದು ದಿಂಬಿನ ಚೀಲವನ್ನು ಮಡಿಸಿ, ಸುಕ್ಕನ್ನು ಅಂಗೈಯಿಂದ ಸರಿಮಾಡಿದಳು.

“ನಿಮ್ಮ ಮೇಲೆ ಕೋಪ ಇಲ್ಲ ಅತ್ತಿಗೆ. ನಂಗೆ ಇಂಗ್ಲಿಷ್ ಮಾತ್ರ ಬರ್ತಿತ್ತಾ? ನಮ್ಮ ಮಾತಲ್ಲಿ ಕೂಗಬಹುದಿತ್ತು. ಅರಿವಳಿಕೆ ಡಾಕ್ಟರು ನಮ್ಮವರೇ, ಬಾಗಿಲ ಹತ್ರ ನಿಂತಿದ್ದ ಆಯಾನೂ ನಮ್ಮವಳೇ. ನಾನು ಒಂದು ಸಲ ಕೂಗಿದ್ರೆ ಎಲ್ಲರಿಗೂ ಅರ್ಥ ಆಗ್ತಿತ್ತು. ಅದೂ ಬೇಡ, ಬ್ಲೇಡ್ ಕೊಡದೆ ಕೈ ಹಿಂದಕ್ಕೆ ತಗೊಂಡಿದ್ರೆ ಸಾಕಿತ್ತು. ಅದಕ್ಕೆ ಯಾವ ಭಾಷೆ ಬೇಕು?”

“ಮತ್ಯಾಕೆ...”

“ಕೆಲಸ ಹೋಗುತ್ತೆ ಅಂತ ಹೆದರಿದೆ. ಅಷ್ಟೇ. ನೀವು ಹೇಳ್ಕೊಟ್ಟಿದ್ದು ಆಗ ಅನುಕೂಲಕ್ಕೆ ಬಂತು. ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು.” ಅವಳು ಮಡಿಸಿದ ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ಎದ್ದಳು. “ಸಮಿತಿಯವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಅತ್ತಿಗೆ. ಅದೇ ನಂಗೆ ತಡೆಯೋಕೆ ಆಗ್ತಿಲ್ಲ.”

ಟೀಚರ್ ಬೈಗುಳಕ್ಕೆ ತಯಾರಾಗಿ ಬಂದಿದ್ದಳು. ಬೈಸಿಕೊಂಡು, ಅತ್ತು, ಅವಳನ್ನೂ ಅಳಿಸಿ, ಎಂದಿನ ಹಾಗೆ ಮತ್ತೆ ಸರಿಹೋಗುವುದೆಂದು ಲೆಕ್ಕ ಹಾಕಿದ್ದಳು. ತಪ್ಪಿನಲ್ಲಿ ಪಾಲು ಕೇಳಿದರೂ ಅವಳು ಕೊಡಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ನಾದಿನಿ ವೃದ್ಧಾಶ್ರಮದಲ್ಲೇ ಒಂದು ಕೋಣೆ ಕೊಡುತ್ತಾರೆಂದು ಹೊರಟಳು. ಅಣ್ಣ ಟ್ರಂಕನ್ನು ಟ್ಯಾಕ್ಸಿಯ ಡಿಕ್ಕಿಯಲ್ಲಿಟ್ಟು, ಮುಚ್ಚಳ ಸರಿಯಾಗಿ ಕೂರದೆ ಎರಡೆರಡು ಸಲ ಹಾಕಿ ತೆಗೆದ. ಅಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ಬೀದಿಯಾಚೆ ಯಾರದೋ ಅಂಗಡಿಯ ಕಬ್ಬಿಣದ ಬಾಗಿಲು ಕಿರುಗುಟ್ಟುತ್ತಾ ಮೇಲೆದ್ದಿತು.

ಟೀಚರ್ ಕಾರಿನ ಕಿಟಕಿಯ ಬಳಿ ನಿಂತಿದ್ದಳು. ಹೋಗಬೇಡ ಎಂದು ಹೇಳಬೇಕಾಗಿತ್ತು. ತೋಳು ಹಿಡಿದು ಎಳೆದು ಇಳಿಸಿಕೊಂಡಿದ್ದರೂ ಆಗುತ್ತಿತ್ತು.

“ಇಲ್ಲೇ ಇದ್ದಿದ್ರೆ ಚೆನ್ನಾಗಿರ್ತಿತ್ತೇನೋ,” ಎಂದಳು.

“ಹೂಂ, ಇರಬಹುದು ಅತ್ತಿಗೆ,” ಎಂದು ನಾದಿನಿ ತಲೆಯಾಡಿಸಿ, ಡ್ರೈವರಿಗೆ ಹೊರಡಲು ಹೇಳಿದಳು.